ಗಾಳಿಗೆ ಓಲಾಡುವ ಡಿಶ್: ಮೋಟಾರಿನ ಗಿಯರ್ ಸವೆತ, ಗ್ರೀಸ್ ಮತ್ತು ಪ್ಲೇ

ಪೆರ್ಲದ ತೋಟದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯಲ್ಲಿ 90 ಸೆಂಟಿಮೀಟರಿನ ಡಿಶ್ ಇದೆ. ಅದನ್ನು ಪೂರ್ವ-ಪಶ್ಚಿಮವಾಗಿ ತಿರುಗಿಸುವ ಡೈಸೆಕ್ ಮೋಟಾರನ್ನು (ರಿಸೀವರಿನ ಕೇಬಲಿನಿಂದಲೇ ಆಜ್ಞೆ ಪಡೆಯುವಂಥದ್ದು) ಕೂರಿಸಿ ಏಳು ವರ್ಷ ಕಳೆಯಿತು. ಆರು ವರ್ಷ ಅದರ ಕಡೆಗೆ ತಲೆಯೆತ್ತಿ ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ಕಳೆದ ಮಳೆಗಾಲದಿಂದ ಮಾತ್ರ ನನಗೆ ಅರ್ಥವಾಗದ ಒಂದು ತೊಂದರೆ ಕಾಣಿಸಿಕೊಂಡಿದೆ. 93.5 ಡಿಗ್ರಿಯಲ್ಲಿ (ಉಪಗ್ರಹ ನಿಂತಿರುವ ಪೂರ್ವ ರೇಖಾಂಶ) ಡಿಡಿ ಫ್ರೀ ಡಿಶ್ ನೋಡುವಾಗ ಎಷ್ಟೇ ಗಾಳಿ ಬೀಸಿದರೂ ಚಿತ್ರ ಕದಲುವುದಿಲ್ಲ. ಅದೇ ಡಿಶ್ಶನ್ನು 68.5 ಡಿಗ್ರಿಗೆ ತಿರುಗಿಸಿದರೆ, ತೆಂಗಿನ ಗರಿ ಅಲ್ಲಾಡುವಷ್ಟು ಗಾಳಿಗೇ ಸಿಗ್ನಲ್ ಕ್ವಾಲಿಟಿಯ ಪಟ್ಟಿ ಏರಿಳಿಯಲು ತೊಡಗುತ್ತದೆ, ಮಳೆಯೂ ಜತೆಗೂಡಿದರೆ ಚಿತ್ರ ಒಡೆದು ನಿಂತೇಬಿಡುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ನಡುವೆ ಎಲ್ಲೋ ಒಂದು ಕಡೆ ಮೇಲಿನಿಂದ 'ಟಕ್' ಎಂಬ ಶಬ್ದವೂ ಕೇಳಿಸುತ್ತದೆ.

ಅಂಗಡಿಯವರೊಬ್ಬರು ನೋಡಿ, ಮೋಟಾರು ಮುಗಿಯಿತು, ಹೊಸತನ್ನೇ ಹಾಕಬೇಕು ಎಂದರು. ಮೋಟಾರೇ ಮುಗಿದಿದ್ದರೆ ಒಂದು ಉಪಗ್ರಹದಲ್ಲಿ ಗಟ್ಟಿಯಾಗಿಯೂ ಇನ್ನೊಂದರಲ್ಲಿ ಸಡಿಲವಾಗಿಯೂ ಇರುವುದು ಹೇಗೆ? ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು. ಮಳೆ ಹಿಡಿಯುವ ಮೊದಲು ಸರಿಮಾಡಬೇಕೆಂದಿದ್ದೇನೆ.

ಉಪ್ಪಳದ ವರ್ಕ್‌ಶಾಪ್

ಅಣ್ಣ, ಬಿಚ್ಚುವ ಮೊದಲು ಅಳೆಯಿರಿ. ಪ್ಲೇ, ಅಂದರೆ ಭಾಗಗಳ ನಡುವಿನ ಸಡಿಲು, ಇದೆ ಎಂದು ಹೇಳುವುದು ಸುಲಭ, ಅದು ಎಲ್ಲಿದೆ ಎಂದು ಹಿಡಿಯುವುದೇ ನಿಜವಾದ ಕೆಲಸ. ಡಿಶ್ಶನ್ನು 75 ಡಿಗ್ರಿಗೆ, ಅಂದರೆ ನೇರ ದಕ್ಷಿಣ ನೋಡುವ ಮೋಟಾರಿನ ಸೊನ್ನೆಗೆ ತಂದು ನಿಲ್ಲಿಸಿ. ಡಿಶ್ಶಿನ ಅಂಚಿಗೆ ಎದುರಾಗಿ, ಡಿಶ್ಶಿಗೆ ತಾಗದಂತೆ ಒಂದು ಕೋಲನ್ನು ನಿಲ್ಲಿಸಿ ಗುರುತು ಹಾಕಿ. ಅಂಚನ್ನು ಎರಡು ಬೆರಳುಗಳಿಂದ ಮೆಲ್ಲನೆ ಪೂರ್ವಕ್ಕೆ ಒತ್ತಿ ಬಿಡಿ, ಆಮೇಲೆ ಪಶ್ಚಿಮಕ್ಕೆ ಒತ್ತಿ ಬಿಡಿ. ಕೈ ಬಿಟ್ಟ ಮೇಲೂ ಎಲ್ಲಿ ನಿಲ್ಲುತ್ತದೆಯೋ ಆ ಎರಡು ಗುರುತುಗಳ ನಡುವಿನ ಅಂತರವನ್ನು ಅಳೆಯಿರಿ. ಬಲವಾಗಿ ಎಳೆದರೆ ಕೊಳವೆಯ ಬಾಗುವಿಕೆಯೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ.

ಇಷ್ಟಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಮೋಟಾರಿನ ಮೈಯಿಂದ ತಿರುಗುವ ಕೊಳವೆಯ ಮೇಲಕ್ಕೆ ಒಂದೇ ಎಳೆಯಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ, ಕೊಳವೆಯಿಂದ ಡಿಶ್ಶಿನ ಕ್ಲ್ಯಾಂಪಿಗೆ ಇನ್ನೊಂದು, ಕಂಬದಿಂದ ಮೋಟಾರಿನ ಕ್ಲ್ಯಾಂಪಿಗೆ ಮತ್ತೊಂದು. ಡಿಶ್ಶನ್ನು ಅಲುಗಿಸಿದಾಗ ಯಾವ ಗೆರೆ ಕಡಿಯುತ್ತದೆಯೋ ಪ್ಲೇ ಅಲ್ಲಿದೆ. ನಮ್ಮಲ್ಲಿಗೆ ಗಿಯರ್ ಸವೆದಿದೆ ಎಂದು ಬಂದ ಮೋಟಾರುಗಳಲ್ಲಿ ಕೆಲವಕ್ಕೆ ಕ್ಲ್ಯಾಂಪಿನ ಯು-ಬೋಲ್ಟು ಬಿಗಿ ಮಾಡಿದ್ದಷ್ಟೇ ಚಿಕಿತ್ಸೆ.

ಪೆರ್ಲದ ತೋಟದ ಮನೆ

ನೀವು ಹೇಳಿದಂತೆಯೇ ಮಾಡಿದೆ. ಅಂಚಿನಲ್ಲಿ ಒಟ್ಟು 9 ಮಿಲಿಮೀಟರ್ ಬಂತು. ಡಿಶ್ಶಿನ ಕ್ಲ್ಯಾಂಪಿನ ಗೆರೆ ಕಡಿಯುತ್ತಿತ್ತು. ಅದನ್ನು ಬಿಗಿ ಮಾಡಿದ ಮೇಲೆ 6 ಮಿಲಿಮೀಟರ್ ಉಳಿಯಿತು. ಅಷ್ಟೂ ಮೋಟಾರಿನ ಮೈ ಮತ್ತು ಕೊಳವೆಯ ನಡುವಿನ ಗೆರೆಯಲ್ಲಿಯೇ ಇದೆ. ಹಾಗಾದರೆ ಗಿಯರೇ ಇರಬೇಕು. 6 ಮಿಲಿಮೀಟರ್ ಎಂಬುದು ದೊಡ್ಡದೋ ಸಣ್ಣದೋ ನನಗೆ ತಿಳಿಯದು.

ಮುಳ್ಳೇರಿಯದ ನಿವೃತ್ತ ಮಾಷ್ಟ್ರು

ಸಣ್ಣದಲ್ಲ. ಡಿಶ್ಶಿನ ಮಧ್ಯದಿಂದ ಅಂಚಿಗೆ 45 ಸೆಂಟಿಮೀಟರ್ ಇರುವುದರಿಂದ ಅಂಚಿನ 8 ಮಿಲಿಮೀಟರ್ ಹೆಚ್ಚುಕಡಿಮೆ ಒಂದು ಡಿಗ್ರಿಗೆ ಸಮ. ನಿಮ್ಮ 6 ಮಿಲಿಮೀಟರ್ ಎಂದರೆ ಮುಕ್ಕಾಲು ಡಿಗ್ರಿ. ಸಣ್ಣ ಡಿಶ್ಶುಗಳು ಹಿಡಿಯುವ ಕೆಯು ಬ್ಯಾಂಡ್ ಎಂಬ ತರಂಗಗಳಲ್ಲಿ 90 ಸೆಂಟಿಮೀಟರ್ ಡಿಶ್ಶಿನ ನೋಟದ ಅಗಲ, ಅಂದರೆ ಸಿಗ್ನಲ್ ಅರ್ಧಕ್ಕೆ ಇಳಿಯುವ ಎರಡು ಅಂಚುಗಳ ನಡುವಿನ ಅಂತರ, ಸುಮಾರು 2 ಡಿಗ್ರಿ. ಡಿಶ್ ಸರಿಯಾಗಿ ನಟ್ಟ ನಡುವೆ ನೋಡುತ್ತಿದ್ದು ಎರಡೂ ಕಡೆಗೆ ಅರ್ಧರ್ಧ ಓಲಾಡಿದರೆ ನಷ್ಟ ಅರ್ಧ ಡಿಬಿಗೂ (ಡೆಸಿಬೆಲ್, ಸಿಗ್ನಲ್ ಅರ್ಧಕ್ಕೆ ಇಳಿದರೆ 3 ಡಿಬಿ) ಕಡಿಮೆ, ಅದು ಯಾರ ಗಮನಕ್ಕೂ ಬಾರದು. ಆದರೆ ಮೋಟಾರು ಒಂದು ಕಡೆಯ ಹಲ್ಲಿಗೆ ತಾಗಿದ ಸ್ಥಿತಿಯಲ್ಲಿ ನೀವು ಸ್ಥಾನವನ್ನು ಉಳಿಸಿಕೊಂಡು, ಗಾಳಿ ಅದನ್ನು ಇನ್ನೊಂದು ಹಲ್ಲಿನವರೆಗೆ ತಳ್ಳಿದರೆ ಇಡೀ ಮುಕ್ಕಾಲು ಡಿಗ್ರಿ ತಪ್ಪುತ್ತದೆ, ನಷ್ಟ 1.7 ಡಿಬಿಯಷ್ಟಾಗುತ್ತದೆ. ಬಿಸಿಲಿನಲ್ಲಿ ಅದನ್ನು ಸಹಿಸಬಹುದು. ಮಳೆ ಈಗಾಗಲೇ ಸಿಗ್ನಲನ್ನು ತಿಂದಿರುವ ಹೊತ್ತಿನಲ್ಲಿ ಅಷ್ಟೇ ಸಾಕು, ಚಿತ್ರ ಒಡೆಯುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ಇಡೀ ಚರ್ಚೆಯ ಹುರುಳು ಅದರಲ್ಲಿಯೇ ಇದೆ. ಮೋಟಾರಿನ ತಿರುಗುವ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಆದ್ದರಿಂದ ಅದು ನೆಲಕ್ಕೆ ಎಷ್ಟು ಓರೆ ಎಂಬುದು ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಯುರೋಪಿನಲ್ಲಿ 50 ಡಿಗ್ರಿ ಅಕ್ಷಾಂಶದ ಊರೊಂದರಲ್ಲಿ ಅದು ಕಡಿದಾಗಿ ನಿಂತಿರುತ್ತದೆ, ಡಿಶ್ ಬಾಗಿಲು ತಿರುಗಿದಂತೆ ತಿರುಗುತ್ತದೆ. ನಮ್ಮದು 12.5 ಡಿಗ್ರಿ, ಇಲ್ಲಿ ಅಕ್ಷ ಹೆಚ್ಚುಕಡಿಮೆ ಮಲಗಿದೆ, ಡಿಶ್ ಅದರ ನೆತ್ತಿಯ ಮೇಲೆ ತಲೆಕೆಳಗಾದ ಲೋಲಕದಂತೆ ಕುಳಿತಿದೆ. ಒಂದೇ ಮೋಟಾರು, ಒಂದೇ ಡಿಶ್ ಆದರೂ ತೂಕವು ಗಿಯರನ್ನು ತಿರುಚುವ ಬಲ ಅಲ್ಲಿಗಿಂತ ಇಲ್ಲಿ ಸುಮಾರು ಒಂದೂವರೆ ಪಟ್ಟು.

ನಿಮ್ಮ ಡಿಶ್, ತೋಳು, ಅದರ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಲ್ಲ ಸೇರಿ 8 ಕಿಲೋ ಎಂದೂ, ತೂಕದ ಕೇಂದ್ರ ಅಕ್ಷದಿಂದ 25 ಸೆಂಟಿಮೀಟರ್ ದೂರವೆಂದೂ ಹಿಡಿಯೋಣ. 93.5 ಡಿಗ್ರಿಯ ಉಪಗ್ರಹಕ್ಕೆ ಪೆರ್ಲದಲ್ಲಿ ಮೋಟಾರು ಸುಮಾರು 21.6 ಡಿಗ್ರಿ ಪೂರ್ವಕ್ಕೆ ತಿರುಗಬೇಕು. ಆಗ ತೂಕವು 7 ನ್ಯೂಟನ್ ಮೀಟರ್ ಬಲದಿಂದ ಡಿಶ್ಶನ್ನು ಪೂರ್ವಕ್ಕೆ ಎಳೆದು ಹಲ್ಲಿಗೆ ಹಲ್ಲನ್ನು ಒತ್ತಿ ಹಿಡಿದಿರುತ್ತದೆ. 68.5ಕ್ಕೆ ತಿರುಗುವುದು ಪಶ್ಚಿಮಕ್ಕೆ ಬರೀ 7.6 ಡಿಗ್ರಿ, ಅಲ್ಲಿ ಒತ್ತಿ ಹಿಡಿಯುವ ಬಲ ಎರಡೂವರೆ ನ್ಯೂಟನ್ ಮೀಟರ್ ಮಾತ್ರ. ಸೆಕೆಂಡಿಗೆ 15 ಮೀಟರಿನ ಗಾಳಿ ಈ ಡಿಶ್ಶನ್ನು ಹತ್ತು ಕಿಲೋಗೂ ಮಿಕ್ಕಿದ ಬಲದಿಂದ ತಳ್ಳುತ್ತದೆ, ಆ ತಳ್ಳುವಿಕೆ ಅಕ್ಷಕ್ಕಿಂತ 5 ಸೆಂಟಿಮೀಟರ್ ಬದಿಗೆ ಬಿದ್ದರೂ 5 ನ್ಯೂಟನ್ ಮೀಟರ್ ಆಯಿತು. ಐದು ಏಳನ್ನು ಗೆಲ್ಲಲಾರದು, ಎರಡೂವರೆಯನ್ನು ಗೆಲ್ಲುತ್ತದೆ. ಆದ್ದರಿಂದ ಸಡಿಲು ಎರಡೂ ಕಡೆ ಇದ್ದರೂ ಒಂದು ಕಡೆ ಮಾತ್ರ ಕಾಣಿಸುತ್ತದೆ. ನೀವು ಕೇಳಿದ 'ಟಕ್' ಶಬ್ದ, ಡಿಶ್ ನೆತ್ತಿಯನ್ನು, ಅಂದರೆ ಮೋಟಾರಿನ ಸೊನ್ನೆಯನ್ನು, ದಾಟುವಾಗ ತನ್ನದೇ ತೂಕಕ್ಕೆ ಒಂದು ಹಲ್ಲನ್ನು ಬಿಟ್ಟು ಇನ್ನೊಂದಕ್ಕೆ ಬೀಳುವ ಶಬ್ದ.

ನಮ್ಮ ಕಾಸರಗೋಡು ಜಿಲ್ಲೆಯ ರೇಖಾಂಶ 75ರ ಆಸುಪಾಸು. ನಾವು ನೋಡುವ 66, 68.5, 83 ಎಲ್ಲವೂ ಈ ನೆತ್ತಿಯ ಅಕ್ಕಪಕ್ಕದಲ್ಲಿಯೇ ಇವೆ. ಹೀಗಾಗಿ ವರ್ಮ್ ವೀಲಿನ, ಅಂದರೆ ವರ್ಮ್ ಎಂಬ ತಿರುಪಿನಂಥ ದಂಡ ತಿರುಗಿಸುವ ಹಲ್ಲಿನ ಚಕ್ರದ, ಅವೇ ಕೆಲವು ಹಲ್ಲುಗಳು ವರ್ಷಗಟ್ಟಲೆ ಸವೆಯುತ್ತವೆ, ಗಾಳಿಗೆ ಬಡಿಸಿಕೊಳ್ಳುವುದೂ ಅವೇ.

ಹೊಸೂರಿನಿಂದ

ಮಾಷ್ಟ್ರ ಲೆಕ್ಕ ನಮ್ಮ ಕಡೆಗೂ ಅನ್ವಯಿಸುತ್ತದೆ, ನಮ್ಮ ನೆತ್ತಿ 78ರ ಹತ್ತಿರ ಎಂಬಷ್ಟೇ ವ್ಯತ್ಯಾಸ. ನಾನು ಮಾಡಿಕೊಂಡ ಉಪಾಯ ಹೀಗಿದೆ: ಪ್ರತಿ ಉಪಗ್ರಹದ ಸ್ಥಾನವನ್ನೂ ಪೂರ್ವದ ಕಡೆಯಿಂದ ಬಂದೇ ಉಳಿಸಿಕೊಂಡಿದ್ದೇನೆ, ತಿರುಗಿಸುವಾಗಲೂ ಪಶ್ಚಿಮದಿಂದ ಬರುವುದಾದರೆ ಸ್ವಲ್ಪ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತೇನೆ. ಇದರಿಂದ ಗುರಿ ತಪ್ಪುವುದಿಲ್ಲ. ಗಾಳಿಯ ಓಲಾಟಕ್ಕೆ ಇದು ಮದ್ದಲ್ಲ ಎಂಬುದೂ ನಿಜ.

ಬದಿಯಡ್ಕದ ಎಂಟಡಿ ಡಿಶ್

ನನ್ನದು ಡೈಸೆಕ್ ಮೋಟಾರಲ್ಲ, ಅಂಗಳದಲ್ಲಿರುವ ಎಂಟಡಿಯ ಜಾಲರಿ ಡಿಶ್, ಉದ್ದವಾಗುತ್ತಾ ಕುಗ್ಗುತ್ತಾ ಡಿಶ್ಶನ್ನು ತಿರುಗಿಸುವ 36 ವೋಲ್ಟಿನ ಆಕ್ಚುವೇಟರ್ ತೋಳು. 83 ಡಿಗ್ರಿಯ ಜಿಸ್ಯಾಟ್-30ರ ಕನ್ನಡ ಚಾನೆಲುಗಳಿಗಾಗಿ ಇಟ್ಟುಕೊಂಡದ್ದು. ಕನ್ನಡ ಬೇಕೆನ್ನುವ ಹಿರಿಯರು ಮನೆಯಲ್ಲಿರುವವರೆಗೆ ಅದನ್ನು ಇಳಿಸುವ ಯೋಚನೆಯಿಲ್ಲ. ತೋಳಿನಿಂದ ಕಿರಗುಟ್ಟುವ ಶಬ್ದ ಬಂದಾಗಲೆಲ್ಲ ತೆಂಗಿನೆಣ್ಣೆ ಬಿಡುವುದು ನಮ್ಮಲ್ಲಿ ವಾಡಿಕೆ, ಎರಡು ದಿನ ಶಬ್ದ ನಿಲ್ಲುತ್ತದೆ. ಈಚೆಗೆ ಕರೆಂಟು ಹೋಗಿ ಬಂದ ಮೇಲೆ 83 ಎಂದು ಒತ್ತಿದರೆ ಬೇರೆಲ್ಲೋ ಹೋಗಿ ನಿಲ್ಲುತ್ತದೆ, ದಿನಕ್ಕೊಂದಿಷ್ಟು ದೂರ ಸರಿಯುತ್ತದೆ. ಇದೂ ಗಿಯರಿನ ಪ್ಲೇ ಇರಬಹುದೇ? ಇನ್ನೊಂದು ವಿಷಯ: ಅಡಿಕೆಗೆ ಮದ್ದು ಬಿಡುವಾಗ ಗಾಳಿಗೆ ಹಾರಿ ಬಂದ ಬೋರ್ಡೋ ದ್ರಾವಣ ಡಿಶ್ಶಿನ ಮೇಲೂ ತೋಳಿನ ಮೇಲೂ ನೀಲಿಯಾಗಿ ಕೂರುತ್ತದೆ. ಅದರಿಂದ ಕೇಡಿದೆಯೇ?

ಉಪ್ಪಳದ ವರ್ಕ್‌ಶಾಪ್

ಭಾವ, ನಿಮ್ಮದು ಪ್ಲೇ ಅಲ್ಲ. ಪ್ಲೇಯಿಂದಾಗುವ ತಪ್ಪು ಯಾವಾಗಲೂ ಒಂದೇ ಅಳತೆಯದು. ಪೂರ್ವದಿಂದ ಬಂದರೆ ಒಂದು ಕಡೆ, ಪಶ್ಚಿಮದಿಂದ ಬಂದರೆ ಇನ್ನೊಂದು ಕಡೆ ನಿಲ್ಲುತ್ತದೆ, ದಿನದಿಂದ ದಿನಕ್ಕೆ ಬೆಳೆಯುವುದಿಲ್ಲ. ದಿನಕ್ಕಿಷ್ಟು ಸರಿಯುತ್ತಾ ಹೋಗುವುದು ಎಣಿಕೆಯ ತಪ್ಪು. ತೋಳಿನ ಒಳಗೆ ತಿರುಗುವ ಅಯಸ್ಕಾಂತ ಮತ್ತು ಅದು ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್ಚು ಪಲ್ಸುಗಳನ್ನು ಕಳುಹಿಸುತ್ತವೆ, ಕಂಟ್ರೋಲರ್ ಅವನ್ನು ಎಣಿಸಿ ಡಿಶ್ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಸ್ವಿಚ್ಚಿಗೆ ನೀರೋ ತುಕ್ಕೋ ತಾಗಿ ನಡುನಡುವೆ ಪಲ್ಸು ತಪ್ಪಿದರೆ ಡಿಶ್ ಓಡಿದ್ದಕ್ಕೂ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಆದರೂ ತೋಳನ್ನು ಬಿಚ್ಚಿದಾಗ ಎರಡೂ ತುದಿಯ ಬೋಲ್ಟುಗಳ ತೂತನ್ನು ನೋಡಿ, ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿ ತೋಳು ಹಿಡಿದಿದ್ದರೆ ಅಲ್ಲಿನ 5 ಮಿಲಿಮೀಟರ್ ಸಡಿಲು ಅರ್ಧ ಡಿಗ್ರಿಗೂ ಹೆಚ್ಚು.

ತೆಂಗಿನೆಣ್ಣೆಯನ್ನು ದಯವಿಟ್ಟು ನಿಲ್ಲಿಸಿ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಗ್ಗೆ ತೋಳು ಹಿಡಿದುಕೊಂಡಂತಾಗುವುದಕ್ಕೆ ಅದೂ ಒಂದು ಕಾರಣ. ಹಳತಾದಂತೆ ಅದರಲ್ಲಿ ಆಮ್ಲ ಹೆಚ್ಚಿ ಹಿತ್ತಾಳೆ, ಕಂಚುಗಳನ್ನು ತಿಂದು ಹಸಿರು ಜಿಡ್ಡಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೆಳ್ಳಗಿನ ಯಾವ ಎಣ್ಣೆಯೂ ಒಳಗಿದ್ದ ಗ್ರೀಸನ್ನು ತೊಳೆದು ಕೆಳಗಿಳಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯ ಕತೆಯೂ ಅಷ್ಟೆ. ಬೋಲ್ಟು ಬಿಚ್ಚಲು ಅದು ಒಳ್ಳೆಯದು, ಗಿಯರಿಗಲ್ಲ.

ಬೋರ್ಡೋದಲ್ಲಿ ಕೇಡಿದೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ಸತುವು ಲೇಪಿಸಿದ ಕಬ್ಬಿಣದ ಮೇಲೂ ಅಲ್ಯೂಮಿನಿಯಂ ಮೇಲೂ ತಾಮ್ರ ಕುಳಿತು ತೇವ ಸಿಕ್ಕಿದರೆ ಲೋಹ ಚುಕ್ಕಿ ಚುಕ್ಕಿಯಾಗಿ ತಿನ್ನಲ್ಪಡುತ್ತದೆ. ಸುಣ್ಣ ಬೆರೆತಿರುವುದರಿಂದ ಬರಿಯ ಮೈಲುತುತ್ತಿನಷ್ಟು ಉಗ್ರವಲ್ಲ. ಮದ್ದು ಬಿಡುವ ದಿನ ತೋಳಿಗೂ ಮೋಟಾರಿಗೂ ಒಂದು ಗೋಣಿಯನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಿ, ಸಂಜೆ ಮರೆಯದೆ ಬಿಚ್ಚಿಬಿಡಿ.

ಇನ್ನು ಗ್ರೀಸು. ವರ್ಮ್ ಗಿಯರಿನಲ್ಲಿ ಹಲ್ಲು ಹಲ್ಲಿನ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಆದ್ದರಿಂದ ನಡುವೆ ಒಂದು ಪದರ ಸದಾ ಇರಲೇಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಸಮುದ್ರದ ಗಾಳಿಯೂ ಇರುವ ಊರಿನಲ್ಲಿ ಶಾಖ ತಡೆಯುವ ಗುಣಕ್ಕಿಂತ ನೀರಿಗೆ ಜಗ್ಗದ ಗುಣ ಮುಖ್ಯ. ದಿನಕ್ಕೆ ಕೆಲವೇ ನಿಮಿಷ ಓಡುವ ಗಿಯರು ಬಿಸಿಯಾಗುವುದೇ ಇಲ್ಲ. ದೋಣಿಗಳಿಗೆ ಬಳಸುವ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸು ಸಿಕ್ಕಿದರೆ ಅದು ಉತ್ತಮ, ಇಲ್ಲವಾದರೆ ಲಾರಿಯ ವೀಲ್ ಬೇರಿಂಗಿಗೆ ಹಾಕುವ ಲಿಥಿಯಂ ಕಾಂಪ್ಲೆಕ್ಸ್, ಗಟ್ಟಿತನದಲ್ಲಿ ಎನ್‌ಎಲ್‌ಜಿಐ 2 ಎಂದು ಬರೆದಿರುವುದು ಸಾಕು. ಹಳೆಯದರ ಮೇಲೆ ಹೊಸದನ್ನು ಮೆತ್ತಬೇಡಿ. ಒಂದಕ್ಕೊಂದು ಹೊಂದದ ಗ್ರೀಸುಗಳು ಬೆರೆತರೆ ನೀರಾಗಿ ಇಳಿದುಹೋಗುತ್ತವೆ, ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿಯೇ ಹಚ್ಚಬೇಕು. ಗ್ರಾಫೈಟ್ ಗ್ರೀಸು ಬೇಡ, ಉಪ್ಪಿನ ತೇವವಿರುವಲ್ಲಿ ಅದು ಅಲ್ಯೂಮಿನಿಯಂ ಮೈಯನ್ನು ಕೊರೆಯುತ್ತದೆ.

ನೀರು ಒಳಗೆ ಹೋಗುವ ದಾರಿಯನ್ನೂ ತಿಳಿದಿರಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಮೋಟಾರಿನ ಮೇಲೆ ಸಂಜೆ ಮಳೆ ಸುರಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಲ್ಲಿ ನಿಂತ ನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಅಡಿಯಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ನೀರು ಹೋಗುತ್ತದೆಂದು ಅದಕ್ಕೂ ಸಿಲಿಕೋನ್ ಹಚ್ಚಿ ಮುಚ್ಚುವವರಿದ್ದಾರೆ, ಆಮೇಲೆ ಸೇರಿದ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಕುಂಬಳೆಯ ಓದುಗ

ಇಷ್ಟೆಲ್ಲ ಏಕೆ? ಹೆಚ್ಚಿನ ಮೋಟಾರುಗಳಲ್ಲಿ ವರ್ಮನ್ನು ವೀಲಿನ ಹತ್ತಿರಕ್ಕೆ ತಳ್ಳುವ ವ್ಯವಸ್ಥೆ ಇರುತ್ತದೆ. ಪ್ಲೇ ಹೋಗುವವರೆಗೆ ಬಿಗಿ ಮಾಡಿದರೆ ಮುಗಿಯಲಿಲ್ಲವೇ?

ಉಪ್ಪಳದ ವರ್ಕ್‌ಶಾಪ್

ಹಾಗೆ ಮಾಡಿ ಕೆಟ್ಟದ್ದನ್ನು ನೋಡಿಯೇ ಹೇಳುತ್ತಿದ್ದೇನೆ, ಬೇಡ. ಮಾಷ್ಟ್ರು ಹೇಳಿದಂತೆ ಸವೆದಿರುವುದು ನಡುವಿನ ಹಲ್ಲುಗಳು ಮಾತ್ರ. ಅಲ್ಲಿ ಪ್ಲೇ ಹೋಗುವಂತೆ ಬಿಗಿ ಮಾಡಿದರೆ, 105.5ರ ಏಷ್ಯಾಸ್ಯಾಟಿಗೆಂದು 35 ಡಿಗ್ರಿ ತಿರುಗಿಸಿದಾಗ ಸವೆಯದ ಹಲ್ಲು ಬಂದು ವರ್ಮ್ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡುವುದೇ ಆದರೆ ಸವೆಯದ ಹಲ್ಲಿನಲ್ಲಿ ನಿಲ್ಲಿಸಿ, ಅಲ್ಲಿ ಕೂದಲೆಳೆಯಷ್ಟು ಸಡಿಲು ಉಳಿಯುವಂತೆ ಮಾಡಬೇಕು. ಆಮೇಲೆ ಡಿಶ್ಶನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ ಕಿವಿಗೊಟ್ಟು ಕೇಳಿ. 13 ವೋಲ್ಟಿನಲ್ಲಿ ಮೋಟಾರು ನಿಧಾನವಾಗಿ ಓಡುವುದರಿಂದ ಬಿಗಿ ಇರುವ ಜಾಗದಲ್ಲಿ ಸ್ವರ ಇಳಿಯುವುದು ಸ್ಪಷ್ಟವಾಗಿ ಕೇಳುತ್ತದೆ.

ಇನ್ನೊಂದು ಮಾತು. ಮೋಟಾರಿನ ಬದಿಯ ಸಣ್ಣ ಗಿಯರುಗಳು ಎಷ್ಟು ಗಡಗಡ ಅಂದರೂ ಹೆದರಬೇಡಿ. ವರ್ಮ್ 60 ಸುತ್ತಿಗೆ ವೀಲು ಒಂದು ಸುತ್ತು ತಿರುಗುವುದಾದರೆ ಅಲ್ಲಿನ ಒಂದು ಡಿಗ್ರಿ ಸಡಿಲು ಡಿಶ್ಶಿಗೆ ಬರುವಾಗ ಅರವತ್ತರಲ್ಲೊಂದು ಪಾಲಾಗುತ್ತದೆ. ಕೊನೆಯ ಜೋಡಿಯ ಸಡಿಲು ಮಾತ್ರ ಒಂದಿಷ್ಟೂ ಕಡಿಮೆಯಾಗದೆ ಡಿಶ್ಶಿಗೆ ತಲುಪುತ್ತದೆ. ವರ್ಮ್ ತನ್ನ ಬೇರಿಂಗುಗಳ ನಡುವೆ ಉದ್ದಕ್ಕೆ ಸರಿದಾಡುತ್ತಿದ್ದರೆ ಅದೂ ಹಾಗೆಯೇ. ಪೆರ್ಲದ ಅಣ್ಣ ಬಿಚ್ಚುವಾಗ ಅದನ್ನು ಮೊದಲು ನೋಡಲಿ.

ಪೆರ್ಲದ ತೋಟದ ಮನೆ

ಆದಿತ್ಯವಾರ ಇಳಿಸಿ ಬಿಚ್ಚಿದೆ. ಒಳಗಿದ್ದ ಗ್ರೀಸು ಬೂದು ಬಣ್ಣಕ್ಕೆ ತಿರುಗಿ ಮಜ್ಜಿಗೆಯಂತೆ ನೀರು ಬೆರೆತು ಒಡೆದಿತ್ತು. ಬೆರಳಿಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ಅದರ ತುಂಬ ಹೊಂಬಣ್ಣದ ಪುಡಿ ಮಿನುಗುತ್ತಿತ್ತು. ಅದು ಕಂಚಿನ ವೀಲಿನದೇ. ತೊಳೆದು ನೋಡಿದಾಗ ಮಾಷ್ಟ್ರು ಹೇಳಿದ್ದು ಕಣ್ಣಿಗೇ ಕಂಡಿತು: ಸುತ್ತಲಿನ ಹಲ್ಲುಗಳೆಲ್ಲ ಹೊಸದರಂತೆ ದಪ್ಪವಾಗಿವೆ, ಒಂದು ಕಡೆಯ ಹತ್ತು ಹನ್ನೆರಡು ಹಲ್ಲುಗಳು ಮಾತ್ರ ತುದಿಯಲ್ಲಿ ಚೂಪಾಗಿ, ಕನ್ನಡಿಯಂತೆ ನುಣುಪಾಗಿವೆ. ಅವುಗಳ ಮೇಲೆ ಉಗುರು ಎಳೆದರೆ ವರ್ಮ್ ಕೂತ ಜಾಗದಲ್ಲಿ ಮೆಟ್ಟಿಲಿನಂತೆ ತಡೆಯುತ್ತದೆ. ವರ್ಮನ್ನು ಬೆರಳಿನಿಂದ ಉದ್ದಕ್ಕೆ ತಳ್ಳಿದರೆ ಸ್ವಲ್ಪ ಸರಿಯುತ್ತಿತ್ತು.

ನೋಡುತ್ತಿದ್ದಂತೆ ಒಂದು ವಿಚಾರ ಹೊಳೆಯಿತು. ವೀಲನ್ನು ಕೊಳವೆಗೆ ಹಿಡಿದಿರುವುದು ಒಂದು ರೋಲ್ ಪಿನ್ನು, ಅದರ ತೂತು ಈ ಬದಿಯಿಂದ ಆ ಬದಿಗೆ ನೇರ ದಾಟಿದೆ. ವೀಲನ್ನು ಅರ್ಧ ಸುತ್ತು ತಿರುಗಿಸಿದರೂ ಅದೇ ತೂತಿಗೆ ಪಿನ್ನು ಕೂರುತ್ತದೆ, ಆಗ ಸವೆದ ಹಲ್ಲುಗಳೆಲ್ಲ ವರ್ಮ್ ಎಂದೂ ಮುಟ್ಟದ ಕಡೆಗೆ ಹೋಗುತ್ತವೆ. ಹಾಗೆ ಮಾಡಬಹುದೇ, ಅದರಲ್ಲಿ ಏನಾದರೂ ಅಪಾಯವಿದೆಯೇ?

ಉಪ್ಪಳದ ವರ್ಕ್‌ಶಾಪ್

ಧಾರಾಳವಾಗಿ ಮಾಡಬಹುದು, ಅದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ. ಎರಡು ಎಚ್ಚರಿಕೆಗಳು: ಮಿತಿ ಸ್ವಿಚ್ಚನ್ನು ತಟ್ಟುವ ಉಬ್ಬುಗಳು ವೀಲಿನ ಮೇಲೆಯೇ ಇದ್ದರೆ ಅವನ್ನೂ ಬಿಚ್ಚಿ ಎದುರು ಬದಿಗೆ ಕೂರಿಸಬೇಕು, ಇಲ್ಲವಾದರೆ ಮೋಟಾರು ತುದಿಯಲ್ಲಿ ನಿಲ್ಲದೆ ಡಿಶ್ಶನ್ನು ಕಂಬಕ್ಕೆ ಬಡಿಯುತ್ತದೆ. ಪಿನ್ನನ್ನು ಮಾತ್ರ ಹೊಸದನ್ನೇ ಹಾಕಿ, ಒಮ್ಮೆ ಹೊಡೆದು ತೆಗೆದ ಪಿನ್ನು ಮೊದಲಿನಷ್ಟು ಬಿಗಿ ಹಿಡಿಯುವುದಿಲ್ಲ. ವರ್ಮಿನ ಸರಿದಾಟಕ್ಕೆ ಬೇರಿಂಗಿನ ಹಿಂದೆ 0.1 ಮಿಲಿಮೀಟರಿನ ಶಿಮ್ (ತೆಳು ಲೋಹದ ಬಿಲ್ಲೆ) ಇಟ್ಟು ನೋಡಿ. ಗ್ರೀಸು ಹಲ್ಲುಗಳ ತಗ್ಗು ತುಂಬುವಷ್ಟು ಸಾಕು, ಸ್ವಿಚ್ಚಿನ ಕಡೆಗೆ ಹೋಗದಿರಲಿ.

ಮುಳ್ಳೇರಿಯದ ನಿವೃತ್ತ ಮಾಷ್ಟ್ರು

ಬಹಳ ಸಂತೋಷವಾಯಿತು. ಮೇಲಕ್ಕೇರಿಸುವಾಗ ಇನ್ನೊಂದು ಸಣ್ಣ ಕೆಲಸ ಮಾಡಿ. ಡಿಶ್ಶಿನ ಪಶ್ಚಿಮ ಬದಿಗೆ, ಅಕ್ಷದಿಂದ 40 ಸೆಂಟಿಮೀಟರ್ ದೂರದಲ್ಲಿ 600 ಗ್ರಾಮಿನ ಕಬ್ಬಿಣದ ತುಂಡೊಂದನ್ನು ಬಿಗಿಯಾಗಿ ಬೋಲ್ಟು ಮಾಡಿ. ಆಗ ತೂಕ ಯಾವ ಕಡೆಗೂ ವಾಲದ ಬಿಂದು 75ರಿಂದ ಹೊರಟು 81ರ ಸಮೀಪಕ್ಕೆ ಸರಿಯುತ್ತದೆ, ಅಲ್ಲಿ ನೀವು ನೋಡುವ ಉಪಗ್ರಹ ಯಾವುದೂ ಇಲ್ಲ. 68.5ರಲ್ಲಿ ಹಲ್ಲನ್ನು ಒತ್ತಿ ಹಿಡಿಯುವ ಬಲ ಎರಡೂವರೆಯಿಂದ ಸುಮಾರು 4.8ಕ್ಕೆ ಏರುತ್ತದೆ, 93.5ರಲ್ಲಿ ಏಳರಿಂದ ಇಳಿದು ಅಲ್ಲಿಯೂ ಸುಮಾರು ಅಷ್ಟೇ ಆಗುತ್ತದೆ. ಬದಿಯಡ್ಕದವರಂತೆ 83 ನೋಡುವವರು ಇದನ್ನು ಹೀಗೆಯೇ ಅನುಸರಿಸಬಾರದು, ಅವರಿಗೆ ಅದೇ ಕೆಟ್ಟ ಜಾಗವಾಗಿಬಿಡುತ್ತದೆ.

ಪೆರ್ಲದ ತೋಟದ ಮನೆ

ಎಲ್ಲವನ್ನೂ ಹೇಳಿದ ಕ್ರಮದಲ್ಲಿಯೇ ಮಾಡಿದೆ. ವೀಲನ್ನು ತಿರುಗಿಸಿ, ಶಿಮ್ ಇಟ್ಟು, ಮಂಗಳೂರಿನಿಂದ ತರಿಸಿದ ದೋಣಿಯ ಗ್ರೀಸು ಹಚ್ಚಿ, ಅಡಿಯ ತೂತಿನಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಸೂಜಿಯಿಂದ ಬಿಡಿಸಿದೆ. ಅಂಚಿನ ಆಟ 6 ಮಿಲಿಮೀಟರ್ ಇದ್ದದ್ದು 2ಕ್ಕೆ ಇಳಿದಿದೆ, ಅಂದರೆ ಕಾಲು ಡಿಗ್ರಿ. ವೀಲನ್ನು ಕದಲಿಸಿದ್ದರಿಂದ ಸೊನ್ನೆ ತಪ್ಪಿತ್ತು. ಡಿಶ್ಶನ್ನು ಸೊನ್ನೆಗೆ ತಂದು ನೇರ ದಕ್ಷಿಣಕ್ಕೆ ಹೊಂದಿಸಿ, ರಿಸೀವರಿನ ಯುಸಾಲ್ಸ್ ಪುಟದಲ್ಲಿ (ಊರಿನ ಸ್ಥಾನದಿಂದ ಮೋಟಾರಿನ ಕೋನವನ್ನು ಲೆಕ್ಕ ಹಾಕುವ ವ್ಯವಸ್ಥೆ) ರೇಖಾಂಶ 75.1, ಅಕ್ಷಾಂಶ 12.6 ಎಂದು ಹಾಕಿ ಮತ್ತೊಮ್ಮೆ ಎಲ್ಲ ಉಪಗ್ರಹಗಳನ್ನೂ ಹಿಡಿದೆ. ಕಬ್ಬಿಣದ ತುಂಡಿಗೆ ಹಳೆಯ ಪಂಪಿನ ಫ್ಲೇಂಜೊಂದು ತಕ್ಕುದಾಗಿ ಸಿಕ್ಕಿತು.

ನಿನ್ನೆ ರಾತ್ರಿ ಮುಂಗಾರಿನ ಮೊದಲ ಜೋರು ಗಾಳಿ ಬಂತು. 68.5ರಲ್ಲಿ ಇಟ್ಟು ಒಂದು ಗಂಟೆ ಕ್ವಾಲಿಟಿಯ ಪಟ್ಟಿಯನ್ನೇ ನೋಡುತ್ತಾ ಕುಳಿತೆ. ದೊಡ್ಡ ಬೀಸಿಗೆ ಒಮ್ಮೊಮ್ಮೆ ತುಸು ಇಳಿದು ಮತ್ತೆ ಬರುತ್ತದೆ, ಚಿತ್ರ ಒಮ್ಮೆಯೂ ಒಡೆಯಲಿಲ್ಲ. 'ಟಕ್' ಶಬ್ದ ಈಗಲೂ ಇದೆ, ಆದರೆ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಉಪ್ಪಳದ ಅಣ್ಣನಿಗೂ ಮಾಷ್ಟ್ರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಬದಿಯಡ್ಕದ ಎಂಟಡಿ ಡಿಶ್

ನಾನೂ ಇವತ್ತು ತೋಳಿನ ಮೋಟಾರಿನ ಮುಚ್ಚಳ ತೆಗೆದೆ. ಒಂದು ಲೋಟದಷ್ಟು ಕಂದು ಬಣ್ಣದ ನೀರು ಸುರಿಯಿತು, ರೀಡ್ ಸ್ವಿಚ್ಚಿನ ಕಾಲುಗಳಲ್ಲಿ ಹಸಿರು ಕಿಲುಬು ಹತ್ತಿತ್ತು, ಕೆಳಗಿನ ಬೋಲ್ಟಿನ ತೂತು ನೀವು ಹೇಳಿದ ಆಕಾರಕ್ಕೇ ಬಂದಿದೆ. ಅಡಿಯ ತೂತಿಗೆ ಸಿಲಿಕೋನ್ ಹಚ್ಚಿ ಮುಚ್ಚಿದ್ದು ನಾನೇ, ಹಿಂದಿನ ವರ್ಷ. ಬುಷ್ ಹಾಕಿಸಲು ಬ್ರಾಕೆಟನ್ನು ನಾಳೆ ಲೇತಿಗೆ ಕೊಂಡೊಯ್ಯುತ್ತೇನೆ. 83ಕ್ಕೆ ಎಷ್ಟು ತೂಕವನ್ನು ಯಾವ ಬದಿಗೆ ಕಟ್ಟಬೇಕೆಂದು ಮಾಷ್ಟ್ರು ಬಿಡುವಾದಾಗ ಲೆಕ್ಕ ಹಾಕಿ ತಿಳಿಸಬೇಕು. ನನ್ನ ಡಿಶ್ಶಿನ ತೂಕವನ್ನೂ ಅಕ್ಷದಿಂದ ದೂರವನ್ನೂ ಅಳೆದು ರಾತ್ರಿ ಇಲ್ಲಿಯೇ ಬರೆಯುತ್ತೇನೆ.